ಸಣ್ಣ ಮೋಟಾರು ದೋಣಿ: ನೀರಿಗಿಳಿಸಿ, ಸುತ್ತಾಡಿ, ಮುಳುಗಿಸದೆ ದಡಕ್ಕೆ ತರುವ ಕ್ರಮ

ತಳದ ರಂಧ್ರಕ್ಕೆ ಬಿರಡೆ ಹಾಕದೆ ದೋಣಿ ಇಳಿಸುವುದು. ಹಗ್ಗ ಬಿಚ್ಚದೆ ಹೊರಡುವುದು. ತುದಿ ಕಟ್ಟದೆ ಲಂಗರು ಎಸೆದು ಹಗ್ಗದ ಸಮೇತ ಕಳೆದುಕೊಳ್ಳುವುದು. ಒಂದು ಕಾಲು ಜೆಟ್ಟಿಯ ಮೇಲೆ, ಇನ್ನೊಂದು ದೋಣಿಯಲ್ಲಿ ಇಟ್ಟು ನಡುವೆ ನೀರಿಗೆ ಬೀಳುವುದು. ಹೊಸದಾಗಿ ದೋಣಿ ಕೊಂಡವರ ಪೇಚುಗಳು ವರ್ಷ ವರ್ಷವೂ ಇವೇ. ಇದರಲ್ಲಿ ತಿಳಿವಳಿಕೆಯ ಕೊರತೆ ಕಡಿಮೆ. ಬಿರಡೆ ಹಾಕಬೇಕು ಎಂದು ಎಲ್ಲರಿಗೂ ಗೊತ್ತು; ಯಾವ ಕೆಲಸದ ನಂತರ, ಯಾವುದರ ಮೊದಲು ಹಾಕಬೇಕು ಎಂಬುದು ಮಾತ್ರ ಕೈಗೆ ಹತ್ತಿರುವುದಿಲ್ಲ. ಹಾಗಾಗಿ ಇಲ್ಲಿ ಹೇಳಿರುವುದು ಮುಖ್ಯವಾಗಿ ಕ್ರಮವನ್ನೇ.

ಇದು 12ರಿಂದ 16 ಅಡಿ ಉದ್ದದ ಫೈಬರ್ ದೋಣಿ, ಅದರ ಹಿಂಬದಿ ಹಲಗೆಗೆ ಸಿಕ್ಕಿಸುವ 5ರಿಂದ 15 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್, ಕೈಯಲ್ಲಿ ಹಿಡಿದು ತಿರುಗಿಸುವ ಹ್ಯಾಂಡಲ್ ಇರುವವರಿಗಾಗಿ. ಶರಾವತಿಯ ಹಿನ್ನೀರಿರಲಿ, ಕಾಳಿ ನದಿಯಿರಲಿ, ಗಂಗೊಳ್ಳಿಯ ಕಡೆಯ ಉಪ್ಪುನೀರಿರಲಿ, ಹೆಚ್ಚಿನ ಹಂತಗಳು ಒಂದೇ. ವ್ಯತ್ಯಾಸ ಇರುವಲ್ಲಿ ಹೇಳಿದ್ದೇವೆ. ದುಡ್ಡು ಪಡೆದು ಪ್ರವಾಸಿಗರನ್ನು ಸುತ್ತಿಸುವುದಾದರೆ ನೋಂದಣಿ, ಪರವಾನಗಿಯ ನಿಯಮಗಳು ಬೇರೆ. ಅಭಯಾರಣ್ಯಕ್ಕೆ ತಾಗಿದ ಹಿನ್ನೀರಿಗೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಆ ವಿಷಯ ಇಲ್ಲಿಲ್ಲ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ದೋಣಿಯಲ್ಲಿ ಎಷ್ಟು ಜನರೋ ಅಷ್ಟು ಲೈಫ್ ಜಾಕೆಟ್. ಮಕ್ಕಳಿಗೆ ಮಕ್ಕಳ ಅಳತೆಯದೇ, ಕಾಲುಗಳ ನಡುವೆ ಬರುವ ಪಟ್ಟಿ ಇರುವುದು. ತೊಟ್ಟ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಕಿವಿಯ ತನಕ ಬಂದರೆ ನೀರಿನಲ್ಲಿ ಜಾಕೆಟ್ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ.

ಎರಡು ಹುಟ್ಟು, ಅಥವಾ ಒಂದು ಹುಟ್ಟು ಮತ್ತು ಒಂದು ಗಳ. ಎಂಜಿನ್ ಎಷ್ಟೇ ಹೊಸದಿರಲಿ, ಇದಿಲ್ಲದೆ ಹೊರಡುವುದು ಬೇಡ. ನೀರು ತೋಡಲು ತಳ ಕತ್ತರಿಸಿದ ಐದು ಲೀಟರಿನ ಎಣ್ಣೆ ಕ್ಯಾನು ಅಂಗಡಿಯ ಪಂಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಒಂದು ಮೊಳ ದಾರದಲ್ಲಿ ದೋಣಿಗೇ ಕಟ್ಟಿಡಿ, ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಅದು ನೀರಿನಲ್ಲಿ ತೇಲುತ್ತಿರುತ್ತದೆ.

ಲಂಗರು ಮತ್ತು ಅದರ ಹಗ್ಗ, ಕಟ್ಟಲು ಎರಡು ಹಗ್ಗ, ತಲಾ ಐದಾರು ಮೀಟರ್, ಎಸೆಯಲು ತೇಲುವ ಹಗ್ಗ 15 ಮೀಟರ್, ಹರಿತವಾದ ಚೂರಿ, ಸೀಟಿ, ಟಾರ್ಚ್. ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಒಂದು, ಪ್ಲಗ್ ಸ್ಪ್ಯಾನರ್, ಇಕ್ಕಳ, ಬಿಡಿ ಸ್ಟಾರ್ಟರ್ ಹಗ್ಗ. ಚಿಕ್ಕ ಎಂಜಿನ್‌ಗಳಲ್ಲಿ ಪ್ರೊಪೆಲರ್‌ಗೆ ಶಿಯರ್ ಪಿನ್ ಇರುತ್ತದೆ. ಪ್ರೊಪೆಲರ್ ಕಲ್ಲಿಗೋ ಮರದ ಬೊಡ್ಡೆಗೋ ಬಡಿದಾಗ ಗೇರು ಒಡೆಯದಿರಲಿ ಎಂದು ತಾನೇ ತುಂಡಾಗುವ ಪಿನ್ ಅದು. ಎರಡು ಶಿಯರ್ ಪಿನ್, ಪ್ರೊಪೆಲರ್ ಕಳಚದಂತೆ ಹಿಡಿಯುವ ಎರಡು ಕಾಟರ್ ಪಿನ್ ಒಂದು ಡಬ್ಬಿಯಲ್ಲಿರಲಿ. ಪಿನ್ ಬದಲು ಮೊಳೆ ತುರುಕಿದರೆ ಮುಂದಿನ ಪೆಟ್ಟು ಗೇರ್‌ಬಾಕ್ಸಿಗೇ.

ಮೊಬೈಲನ್ನು ನೀರು ಹೊಗದ ಚೀಲದಲ್ಲಿ ಹಾಕಿ, ಚೀಲವನ್ನು ನಿಮ್ಮ ಜಾಕೆಟ್ಟಿಗೇ ಕಟ್ಟಿ. ನೀವು ನೀರಿನಲ್ಲಿದ್ದು ಫೋನು ದೋಣಿಯಲ್ಲಿದ್ದರೆ ಉಪಯೋಗವಿಲ್ಲ. ಕಡಲಿನಲ್ಲಿ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093, ಒಳನಾಡಿನಲ್ಲಿ 112: ಮೂರನ್ನೂ ಫೋನಿನಲ್ಲಿ ಮೊದಲೇ ಹಾಕಿಟ್ಟುಕೊಳ್ಳಿ.

## ಹಂತ 1: ದಡದಲ್ಲಿ, ದೋಣಿ ಇನ್ನೂ ಒಣಗಿರುವಾಗ

ಬಿರಡೆ ಮೊದಲು. ಹಿಂಬದಿ ಹಲಗೆಯ ತಳದಲ್ಲಿ ಮಳೆನೀರು ಹರಿದುಹೋಗಲು ಒಂದು ರಂಧ್ರವಿರುತ್ತದೆ. 25 ಮಿ.ಮೀ. ಅಗಲದ ರಂಧ್ರ ನೀರಿನ ಮಟ್ಟಕ್ಕಿಂತ ಗೇಣು ಕೆಳಗಿದ್ದರೆ ನಿಮಿಷಕ್ಕೆ 30ರಿಂದ 40 ಲೀಟರ್ ನೀರು ಒಳಬರುತ್ತದೆ. ಹತ್ತು ನಿಮಿಷಕ್ಕೆ 300 ಕಿಲೋಗೂ ಹೆಚ್ಚು, ಅಂದರೆ ನಾಲ್ಕೈದು ಜನ ಟಿಕೆಟಿಲ್ಲದೆ ಹತ್ತಿ ಕೂತಂತೆ. ಇದರ ಮೋಸ ಏನೆಂದರೆ, ದೋಣಿ ವೇಗವಾಗಿ ಓಡುವಾಗ ಅದೇ ರಂಧ್ರದಿಂದ ನೀರು ಹೊರಗೂ ಹೋಗಬಹುದು. ನಿಲ್ಲಿಸಿದ ಮೇಲೆಯೇ ಕಾಲಡಿ ನೀರು ಕಾಣುತ್ತದೆ. ಪಾದ ಒದ್ದೆಯಾಗುವುದು, ಹಿಂಬದಿ ಭಾರವಾಗಿ ಹ್ಯಾಂಡಲ್ ಸೋಮಾರಿಯಾಗುವುದು ಇದರ ಸೂಚನೆ.

ಬಿರಡೆಯನ್ನು ಎಂಜಿನ್ನಿನ ಕಿಲ್ ಸ್ವಿಚ್‌ನ ಕೆಂಪು ದಾರಕ್ಕೆ, ಅಂದರೆ ಚಾಲಕ ಬಿದ್ದರೆ ಕಿತ್ತುಬಂದು ಎಂಜಿನ್ ಆರಿಸುವ ದಾರಕ್ಕೆ, ಕಟ್ಟಿಡುವುದು ಒಳ್ಳೆಯ ಉಪಾಯ. ಬಿರಡೆ ಬಿಡಿಸಿ ರಂಧ್ರಕ್ಕೆ ಹಾಕಿದರಷ್ಟೇ ದಾರ ನಿಮ್ಮ ಕೈಗೆ ಬರುತ್ತದೆ. ಕೈ ಬೆರಳಿನಿಂದ ಬಿಗಿದು, ಅದರ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ. ಎರಡು ಬಿರಡೆ ಇಟ್ಟುಕೊಳ್ಳಿ, ಒಂದು ಕಳೆದೇ ಹೋಗುತ್ತದೆ.

ಎಂಜಿನ್ನಿನ ಹಿಡಿಗಳು. ಎರಡು ಸ್ಕ್ರೂ ಹಿಡಿಗಳನ್ನು ಸಮನಾಗಿ, ಒಮ್ಮೆ ಇದು ಒಮ್ಮೆ ಅದು ಎಂಬಂತೆ ಬಿಗಿಯಿರಿ. ಹಲಗೆಯ ಮರ ಒತ್ತಿಕೊಳ್ಳುವುದರಿಂದ ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಇದನ್ನು ಮಾಡದವರ ಎಂಜಿನ್ ಜೋರು ತಿರುವಿನಲ್ಲಿ ಹಲಗೆ ಬಿಟ್ಟು ಎದ್ದು ನೀರಿಗೆ ಹಾರುತ್ತದೆ. ಆದ್ದರಿಂದ ಸ್ಟೀಲ್ ಸರಪಳಿ ಅಥವಾ ದಪ್ಪ ಹಗ್ಗದಿಂದ ಎಂಜಿನ್ನನ್ನು ದೋಣಿಯ ಕೊಂಡಿಗೂ ಕಟ್ಟಿ. ಹಿಡಿ ಸಡಿಲವಾದರೂ ಎಂಜಿನ್ ತಳ ಸೇರುವುದಿಲ್ಲ.

ಎತ್ತರವನ್ನೂ ಈಗಲೇ ನೋಡಿ. ಪ್ರೊಪೆಲರ್‌ಗಿಂತ ಸ್ವಲ್ಪ ಮೇಲೆ ಅಡ್ಡಲಾಗಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ, ಅಥವಾ ಒಂದು ಇಂಚು ಕೆಳಗಿರಬೇಕು. ಅದಕ್ಕಿಂತ ಮೇಲಿದ್ದರೆ ಪ್ರೊಪೆಲರ್ ಗಾಳಿ ಎಳೆದು ಎಂಜಿನ್ ಸುಮ್ಮನೆ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಗಿಡ್ಡ ಶಾಫ್ಟ್ 15 ಇಂಚಿನ ಹಲಗೆಗೆ, ಉದ್ದ ಶಾಫ್ಟ್ 20 ಇಂಚಿನದಕ್ಕೆ. ಅಗ್ಗಕ್ಕೆ ಸಿಕ್ಕಿತೆಂದು ಅಳತೆ ನೋಡದೆ ತಂದವರೇ ಇಲ್ಲಿ ಹೆಚ್ಚಾಗಿ ಒದ್ದಾಡುತ್ತಾರೆ.

ಪೆಟ್ರೋಲು. ತುಂಬಿಸುವುದು ದೋಣಿಯೊಳಗಲ್ಲ, ದಡದಲ್ಲಿ, ಟ್ಯಾಂಕನ್ನು ನೆಲದ ಮೇಲಿಟ್ಟು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಕೂತು ಒಂದು ಕಿಡಿಗೆ ಕಾಯುತ್ತದೆ. ಹಳೆಯ ಟೂ-ಸ್ಟ್ರೋಕ್ ಎಂಜಿನ್‌ಗೆ ಸಾಮಾನ್ಯ ಮಿಶ್ರಣ 50:1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಔಟ್‌ಬೋರ್ಡ್ ಎಣ್ಣೆ, ಹೊಸ ಎಂಜಿನ್‌ಗೆ ಮೊದಲ ಕೆಲವು ಗಂಟೆ ಅದರ ದುಪ್ಪಟ್ಟು ಕೇಳುವುದುಂಟು. ನಿಮ್ಮ ಎಂಜಿನ್ನಿನ ಪುಸ್ತಕ ಏನು ಹೇಳುತ್ತದೋ ಅದೇ ಕೊನೆ. ಬೈಕಿನ ಎಣ್ಣೆ ಬೇಡ, ಟಿಸಿ-ಡಬ್ಲ್ಯೂ3 ಎಂದು ಬರೆದಿರುವುದನ್ನೇ ತನ್ನಿ.

ಈಗ ಬಂಕ್‌ನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲು. ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರು ಬೇರೆಯಾಗಿ ತಳ ಸೇರುತ್ತದೆ, ಎಂಜಿನ್ ಮೊದಲು ಎಳೆದುಕೊಳ್ಳುವುದು ಅದನ್ನೇ. ಎರಡು ವಾರದಲ್ಲಿ ಮುಗಿಯುವಷ್ಟೇ ತನ್ನಿ.

ಎಷ್ಟು ಬೇಕು? ಹೋಗಲು ಒಂದು ಪಾಲು, ಬರಲು ಒಂದು ಪಾಲು, ಮುಟ್ಟದೆ ಇಡಲು ಒಂದು ಪಾಲು. 10 ಎಚ್‌ಪಿಯ ಟೂ-ಸ್ಟ್ರೋಕ್ ಪೂರ್ತಿ ವೇಗದಲ್ಲಿ ಗಂಟೆಗೆ ನಾಲ್ಕೈದು ಲೀಟರ್ ಕುಡಿಯುತ್ತದೆ. 12 ಲೀಟರಿನ ಟ್ಯಾಂಕು ತುಂಬಿದ್ದರೂ ಆ ವೇಗದಲ್ಲಿ ಒಂದು ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ ದೋಣಿಯ ಮೂತಿ, ಅಂದರೆ ಮುಂದಿನ ತುದಿ, ಮನೆ ಕಡೆಗೆ ತಿರುಗಿಸಬೇಕು.

## ಹಂತ 2: ನೀರಿಗೆ ದೂಡುವುದು

ಎಂಜಿನ್ ಮೇಲೆತ್ತಿ ಲಾಕ್ ಮಾಡಿ. ಮೂತಿಗೆ ಉದ್ದನೆಯ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ದಡದ ಮರಕ್ಕೋ ಗೂಟಕ್ಕೋ ಸುತ್ತಿ. ಆಮೇಲೆ ದೂಡಿ. "ನಾನು ಹಿಡ್ಕೊಂಡಿದೀನಿ" ಎನ್ನುವವನ ಕೈ ಸಾಲದು. ದೋಣಿ ಜಾರಿ ಹೊರಟಾಗ ಅವನೂ ಮುಖ ಕೆಳಗಾಗಿ ಹಿಂದೆ ಹೋಗುತ್ತಾನೆ, ಅಥವಾ ಹಗ್ಗ ಬಿಟ್ಟು ಎಲ್ಲರೂ ದೋಣಿ ತೇಲಿಹೋಗುವುದನ್ನು ನೋಡುತ್ತ ನಿಲ್ಲುತ್ತಾರೆ.

ಇಳಿಜಾರಿನ ಕಾಂಕ್ರೀಟಿನಲ್ಲಿ ನೀರು ಮುಟ್ಟುವ ಗೆರೆಯ ಕೆಳಗೆ ಪಾಚಿ ಇರುತ್ತದೆ. ಹವಾಯಿ ಚಪ್ಪಲಿ ಬೇಡ. ಪಿಕಪ್ ಹಿಮ್ಮುಖವಾಗಿ ಇಳಿಸಿದ್ದರೆ ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡಗಲ್ಲು ಇಟ್ಟ ಮೇಲೆ ಇಳಿಯಿರಿ. ದೋಣಿಯ ಬದಲು ಗಾಡಿಯೇ ತೇಲಿದ ಪ್ರಸಂಗಗಳಲ್ಲಿ ಕಾಣೆಯಾಗಿರುವುದು ಆ ಅಡ್ಡಗಲ್ಲು.

ದೋಣಿ ತೇಲಿದ ಮೇಲೆ ಎರಡು ನಿಮಿಷ ಸುಮ್ಮನೆ ಬಿಡಿ. ತಳ ನೋಡಿ. ಒಣಗಿದ್ದರೆ ಮುಂದಿನ ಹಂತ. ಒದ್ದೆಯಿದ್ದರೆ ಇನ್ನೂ ದಡದಲ್ಲೇ ಇದ್ದೀರಿ, ನಷ್ಟವಿಲ್ಲ.

## ಹಂತ 3: ಜನ ಹತ್ತುವುದು

ಜಾಕೆಟ್ ತೊಡುವುದು ದಡದಲ್ಲಿ, ಹತ್ತುವ ಮೊದಲು. ದೋಣಿಯ ಮುಂದೆ ಹಿಂದೆ ಎರಡೂ ಹಗ್ಗ ಬಿಗಿದಿರಬೇಕು. ಮೂತಿಯ ಒಂದೇ ಹಗ್ಗ ಕಟ್ಟಿದ್ದರೆ ನೀವು ಕಾಲಿಟ್ಟ ಕ್ಷಣ ಹಿಂಬದಿ ಜೆಟ್ಟಿಯಿಂದ ದೂರ ಸರಿಯುತ್ತದೆ. ಎರಡು ಕಾಲೂ ಎರಡು ದಿಕ್ಕಿಗೆ.

ಒಬ್ಬೊಬ್ಬರಾಗಿ, ಬಗ್ಗಿ, ಕೈಯಲ್ಲಿ ಅಂಚು ಹಿಡಿದು, ಕಾಲನ್ನು ದೋಣಿಯ ನಟ್ಟನಡುವೆ ಇಡಬೇಕು. ಅಂಚಿನ ಮೇಲೆ ಕಾಲಿಟ್ಟರೆ ಅದು ಬಾಗುತ್ತದೆ. ಕೈಯಲ್ಲಿ ಊಟದ ಬುತ್ತಿ, ಮಗು, ಕ್ಯಾಮರಾ ಇದ್ದರೆ ಅದನ್ನು ದಡದವರಿಗೆ ಕೊಟ್ಟು ಹತ್ತಿ ಆಮೇಲೆ ತೆಗೆದುಕೊಳ್ಳಿ. ಹಾರುವುದಂತೂ ಬೇಡ.

ಎಷ್ಟು ಜನ? ದೋಣಿಯ ಮೇಲೆ ತಯಾರಕರ ತಗಡು ಇದ್ದರೆ ಅದರಲ್ಲಿ ಬರೆದಿರುವಷ್ಟು. ಇಲ್ಲದಿದ್ದರೆ ಉದ್ದವನ್ನೂ ಅಗಲವನ್ನೂ ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸಿ, ಉಳಿದ ಚೂರನ್ನು ಬಿಟ್ಟುಬಿಡಿ. 14 ಅಡಿ ಉದ್ದ, 5 ಅಡಿ ಅಗಲವಿದ್ದರೆ 70 ಭಾಗಿಸು 15, ನಾಲ್ಕು ಜನ. ಇದು ಶಾಂತ ನೀರಿನ, ಸಾಧಾರಣ ತೂಕದವರ ಲೆಕ್ಕ. ಎಲ್ಲ ಕೂತ ಮೇಲೆ ನೀರಿನಿಂದ ದೋಣಿಯ ಅಂಚಿಗೆ ಅತಿ ತಗ್ಗಿನ ಜಾಗದಲ್ಲೂ ಒಂದು ಅಡಿ ಉಳಿದಿರಬೇಕು. ಉಳಿಯದಿದ್ದರೆ ಒಬ್ಬರನ್ನು ಇಳಿಸಿ. "ಇನ್ನೊಬ್ಬರು ಆಗ್ತಾರೆ" ಎಂಬ ಮಾತಿಗೆ ಬಗ್ಗಬೇಡಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡಾಗ ಅದರಲ್ಲಿ ಮಿತಿಮೀರಿ ಜನರಿದ್ದರು.

ಕೂತವರಿಗೆ ಹೊರಡುವ ಮೊದಲೇ ಒಂದು ಮಾತು ಹೇಳಿ: ಹಕ್ಕಿ ಕಂಡರೂ ಡಾಲ್ಫಿನ್ ಕಂಡರೂ ಯಾರೂ ಏಳಬಾರದು, ಒಂದೇ ಬದಿಗೆ ಸರಿಯಬಾರದು, ನೋಡಬೇಕಾದ ಕಡೆಗೆ ದೋಣಿಯನ್ನೇ ತಿರುಗಿಸುತ್ತೇವೆ. ಗಂಡಸರಿಗೆ ಇನ್ನೊಂದು ಮಾತು ಸೇರಿಸಿ. ಅಂಚಿನಲ್ಲಿ ನಿಂತು ಮೂತ್ರ ಮಾಡುವುದು ನೀರಿಗೆ ಬೀಳುವ ಹಳೆಯ ದಾರಿ. ಒಂದು ಖಾಲಿ ಬಾಟಲಿ ಇಟ್ಟುಕೊಳ್ಳಿ, ಕೂತೇ ಕೆಲಸ ಮುಗಿಯುತ್ತದೆ.

## ಹಂತ 4: ಎಂಜಿನ್ ಹೊತ್ತಿಸುವುದು

ಹಗ್ಗ ಬಿಚ್ಚುವ ಮೊದಲು ಎಂಜಿನ್ ಹೊತ್ತಿಸಬೇಕು. ಬಿಚ್ಚಿದ ಮೇಲೆ ಎಳೆಯುತ್ತ ಕೂತರೆ ಗಾಳಿ ನಿಮ್ಮನ್ನು ಪಕ್ಕದ ದೋಣಿಗೋ ಕಲ್ಲಿಗೋ ತಳ್ಳಿರುತ್ತದೆ.

ಕ್ರಮ ಹೀಗೆ. ಎಂಜಿನ್ ನೀರಿಗಿಳಿಸಿ. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆಯಿರಿ. ಪೈಪಿನ ನಡುವಿನ ರಬ್ಬರ್ ಗುಂಡನ್ನು, ಅದರ ಮೇಲಿನ ಬಾಣ ಎಂಜಿನ್ ಕಡೆಗೆ ಮತ್ತು ಮೇಲ್ಮುಖವಾಗಿರುವಂತೆ ಹಿಡಿದು, ಗಟ್ಟಿಯಾಗುವ ತನಕ ಅದುಮಿ. ಕೆಂಪು ದಾರ ತೊಡೆಗೋ ಜಾಕೆಟ್ಟಿಗೋ ಸಿಕ್ಕಿಸಿ. ಗೇರು ನ್ಯೂಟ್ರಲ್. ಹ್ಯಾಂಡಲ್ ಸ್ಟಾರ್ಟ್ ಗುರುತಿಗೆ. ತಣ್ಣಗಿದ್ದರೆ ಚೋಕ್ ಎಳೆಯಿರಿ. ಹಿಂದೆ ನೋಡಿ, ನಿಮ್ಮ ಮೊಣಕೈ ತಲುಪುವಲ್ಲಿ ಯಾರ ಮೂಗೂ ಇರಬಾರದು. ಕೂತೇ, ಹಗ್ಗವನ್ನು ಮೊದಲು ನಿಧಾನ ಎಳೆದು, ಬಿಗಿ ಸಿಕ್ಕಿದ ಮೇಲೆ ಒಂದೇ ಸಲ ಜೋರಾಗಿ ಎಳೆಯಿರಿ. ಹೊತ್ತಿದೊಡನೆ ಚೋಕ್ ಒಳಗೆ.

ಗೇರಿನಲ್ಲಿದ್ದಾಗಲೇ ಹೊತ್ತಿಕೊಳ್ಳುವ ಹಳೆಯ ಎಂಜಿನ್‌ಗಳಿವೆ. ನಿಂತು ಎಳೆಯುತ್ತಿದ್ದರೆ ದೋಣಿ ಮುಂದೆ ನೆಗೆಯುತ್ತದೆ, ನೀವು ಹಿಂದೆ ಪ್ರೊಪೆಲರ್ ಮೇಲೆ. ಕೂತು ಎಳೆಯಿರಿ ಎನ್ನುವುದು ಇದಕ್ಕೇ.

ಹೊತ್ತಿದ ಮೇಲೆ ಮೊದಲ ನೋಟ ಹಿಂಬದಿಯ ಸಣ್ಣ ತೂತಿನ ಕಡೆಗೆ. ಅಲ್ಲಿಂದ ನೀರಿನ ಎಳೆ ಚಿಮ್ಮಬೇಕು. ಅದು ಎಂಜಿನ್ ತಣಿಸಿ ಬರುವ ನೀರು. ಅರ್ಧ ನಿಮಿಷದೊಳಗೆ ಬಾರದಿದ್ದರೆ ಆರಿಸಿ. ಮಣ್ಣೋ ಪ್ಲಾಸ್ಟಿಕ್ಕೋ ಕಟ್ಟಿರಬಹುದು, ತಂತಿಯಿಂದ ತೂತು ಬಿಡಿಸಿ ನೋಡಿ. ಹಾಗೂ ಬರದಿದ್ದರೆ ಒಳಗಿನ ನೀರು ಪಂಪಿನ ರಬ್ಬರ್ ಚಕ್ರ ಹೋಗಿದೆ. ದಡದಲ್ಲಿ ನೀರಿಲ್ಲದೆ "ಒಂದು ಸಲ ಹೊತ್ತಿಸಿ ನೋಡೋಣ" ಎಂದವರೇ ಆ ಚಕ್ರವನ್ನು ಸುಟ್ಟಿರುತ್ತಾರೆ.

ಹೊರಟು ಐದು ನಿಮಿಷಕ್ಕೆ ಎಂಜಿನ್ ಕೆಮ್ಮಿ ನಿಂತಿತೇ? ರಬ್ಬರ್ ಗುಂಡು ಮುಟ್ಟಿ ನೋಡಿ. ಹೀರಿ ಚಪ್ಪಟೆಯಾಗಿದ್ದರೆ ಗಾಳಿ ಸ್ಕ್ರೂ ಮುಚ್ಚಿಯೇ ಇದೆ. ಇದಕ್ಕೆ ಮೆಕ್ಯಾನಿಕ್ ಕರೆಸಿದವರು ಕಮ್ಮಿಯಿಲ್ಲ.

## ಹಂತ 5: ಜೆಟ್ಟಿ ಬಿಡುವುದು

ಹಗ್ಗ ಬಿಚ್ಚುವುದಕ್ಕೂ ಕ್ರಮವಿದೆ. ಸಡಿಲವಿರುವುದನ್ನು ಮೊದಲು, ನೀರು ಅಥವಾ ಗಾಳಿ ಎಳೆದು ಬಿಗಿಯಾಗಿರುವುದನ್ನು ಕೊನೆಗೆ. ಬಿಚ್ಚಿದ ಹಗ್ಗ ಪೂರ್ತಿ ದೋಣಿಯೊಳಗೆ ಬರಬೇಕು. ನೀರಿಗೆ ಇಳಿಬಿದ್ದ ತುದಿಯನ್ನು ಪ್ರೊಪೆಲರ್ ಬಿಡುವುದಿಲ್ಲ.

ಹ್ಯಾಂಡಲ್ ಬಲಕ್ಕೆ ತಳ್ಳಿದರೆ ಮೂತಿ ಎಡಕ್ಕೆ. ಇದು ಗೊತ್ತಿದ್ದರೂ ಗಾಬರಿಯಲ್ಲಿ ಕೈ ತಪ್ಪುತ್ತದೆ, ಹಾಗಾಗಿ ಮೊದಲ ದಿನ ತೆರೆದ ನೀರಿನಲ್ಲಿ ಅರ್ಧ ಗಂಟೆ ಎಂಟರ ಆಕಾರದಲ್ಲಿ ಸುತ್ತಿ. ಅದಕ್ಕಿಂತ ಮುಖ್ಯವಾದ ಸಂಗತಿ, ದೋಣಿ ಕಾರಿನಂತೆ ಮುಂದಿನಿಂದ ತಿರುಗುವುದಿಲ್ಲ. ಹಿಂಬದಿ ಹೊರಕ್ಕೆ ಬೀಸುತ್ತದೆ. ಜೆಟ್ಟಿಗೆ ಒತ್ತಿ ನಿಂತಿರುವಾಗ ಒಮ್ಮೆಲೇ ಹೊರಕ್ಕೆ ತಿರುಗಿಸಿದರೆ ಎಂಜಿನ್ನೇ ಹೋಗಿ ಕಂಬಕ್ಕೆ ಬಡಿಯುತ್ತದೆ. ಮೊದಲು ಗಳದಿಂದ ಮೂತಿಯನ್ನು ಹೊರಗೆ ತಳ್ಳಿ, ಇಡೀ ದೋಣಿ ಒಂದೂವರೆ ಮೀಟರ್ ಸರಿದ ಮೇಲೆ ಗೇರು ಹಾಕಿ.

## ಹಂತ 6: ನೀರಿನ ಮೇಲೆ

ಲಿಂಗನಮಕ್ಕಿಯಂಥ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳಿವೆ. ಮಳೆಗಾಲ ಮುಗಿದಾಗ ಆಳದಲ್ಲಿದ್ದವು ಬೇಸಿಗೆಗೆ ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗಿರುತ್ತವೆ. ಕಳೆದ ತಿಂಗಳು ಹೋದ ದಾರಿ ಈ ತಿಂಗಳ ದಾರಿಯಲ್ಲ. ಬೊಡ್ಡೆಗಳಿರುವ ಕಡೆ ನಡಿಗೆಯ ವೇಗದಲ್ಲಿ ಹೋಗಿ, ಒಬ್ಬರನ್ನು ಮೂತಿಯಲ್ಲಿ ನೋಡಲು ಕೂರಿಸಿ. ಎಂಜಿನ್ ಜೋರಾಗಿ ತಿರುಗುತ್ತಿದ್ದೂ ದೋಣಿ ನಿಂತಲ್ಲೇ ಇದ್ದರೆ ಶಿಯರ್ ಪಿನ್ ತುಂಡಾಗಿದೆ, ಅಥವಾ ದೊಡ್ಡ ಎಂಜಿನ್‌ನಲ್ಲಿ ಪ್ರೊಪೆಲರ್ ಒಳಗಿನ ರಬ್ಬರ್ ಜಾರಿದೆ. ಎರಡನೆಯದಾದರೆ ನಿಧಾನ ವೇಗದಲ್ಲಿ ದಡ ಸೇರಬಹುದು.

ಪ್ರೊಪೆಲರ್‌ಗೆ ಬಲೆ ಅಥವಾ ಹಗ್ಗ ಸುತ್ತಿದರೆ: ಎಂಜಿನ್ ಆರಿಸಿ, ಕೆಂಪು ದಾರ ಕಿತ್ತು ಕಿಸೆಗೆ ಹಾಕಿ, ಆಮೇಲೆ ಎಂಜಿನ್ ಎತ್ತಿ. ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಬಿಡಿಸಿ, ಆಗದಿದ್ದರೆ ಕತ್ತರಿಸಿ. ಗಾಳದ ನೈಲಾನ್ ದಾರ ಪ್ರೊಪೆಲರ್ ಹಿಂದೆ ಒಳಸೇರಿ ಸೀಲು ಕೊಯ್ಯುತ್ತದೆ. ಮನೆಗೆ ಹೋದ ಮೇಲೆ ಪ್ರೊಪೆಲರ್ ಬಿಚ್ಚಿ ನೋಡಿ. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ.

ವೇಗದಲ್ಲಿರುವಾಗ ಥಟ್ಟನೆ ನಿಲ್ಲಿಸಬೇಡಿ. ನಿಮ್ಮದೇ ಹಿಂದಿನ ಅಲೆ ಓಡಿಬಂದು ಹಿಂಬದಿ ಹಲಗೆ ದಾಟಿ ಒಳಗೆ ಬೀಳುತ್ತದೆ. ವೇಗ ಇಳಿಸಿ, ಒಂದೆರಡು ಸೆಕೆಂಡು ಬಿಟ್ಟು, ಆಮೇಲೆ ನಿಲ್ಲಿಸಿ. ದೊಡ್ಡ ದೋಣಿಯ ಅಲೆ ಬಂದರೆ ಅದನ್ನು ಪಕ್ಕಕ್ಕೆ ಬಡಿಯಲು ಬಿಡದೆ ಮೂತಿಯನ್ನು ಓರೆಯಾಗಿ ಕೊಡಿ.

ಕರಾವಳಿಯವರಿಗೆ ಅಳಿವೆಯ, ಅಂದರೆ ನದಿ ಕಡಲು ಸೇರುವ ಬಾಯಿಯ, ಮಾತು ಬೇರೆಯೇ. ಇಳಿತದ ಹೊತ್ತಿನಲ್ಲಿ ನದಿ ರಭಸದಿಂದ ಹೊರಹರಿಯುತ್ತದೆ, ಕಡಲಿನ ಅಲೆ ಎದುರು ಬರುತ್ತದೆ. ಎರಡೂ ಸೇರುವಲ್ಲಿ, ಮರಳು ದಿಬ್ಬದ ಮೇಲೆ, ಅಲೆಗಳು ಗಿಡ್ಡವಾಗಿ ಕಡಿದಾಗಿ ಏಳುತ್ತವೆ. ಒಳನೀರು ಕನ್ನಡಿಯಂತಿದ್ದರೂ ಅಲ್ಲಿ ದೋಣಿ ಮಗುಚುತ್ತದೆ. ದಾಟಲೇಬೇಕಾದರೆ ನೀರು ಏರುವಾಗ ಅಥವಾ ಉಬ್ಬರ ನಿಂತ ಹೊತ್ತಿನಲ್ಲಿ, ಹತ್ತು ನಿಮಿಷ ಹೊರಗೇ ನಿಂತು ಅಲೆ ಎಲ್ಲಿ ಒಡೆಯುತ್ತದೆ ಎಂದು ನೋಡಿ, ಅಲ್ಲಿಯ ಮೀನುಗಾರರನ್ನು ಕೇಳಿ. ಬೆಳ್ಳಗೆ ಒಡೆಯುವ ಸಾಲು ಅಡ್ಡಲಾಗಿ ಪೂರ್ತಿ ಇದ್ದರೆ ದಾಟಬೇಡಿ. 14 ಅಡಿಯ ದೋಣಿಯಲ್ಲಿ ಮಳೆಗಾಲದ ಅಳಿವೆ ಯಾರ ಕೆಲಸವೂ ಅಲ್ಲ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆ ಬೇಗ ಕಟ್ಟುತ್ತದೆ. ಕಪ್ಪು ಮೋಡದ ಜತೆ ಒಮ್ಮೆಲೇ ತಣ್ಣನೆ ಗಾಳಿ ಬೀಸಿದರೆ ಮಳೆ ಬಂದೇ ಬಂತು. ಮೊದಲ ಗುಡುಗು ಕೇಳಿದಾಗಲೇ ಹತ್ತಿರದ ದಡಕ್ಕೆ ಹೋಗಿ, ಸ್ವಂತ ಜೆಟ್ಟಿಯೇ ಆಗಬೇಕೆಂದಿಲ್ಲ.

### ಲಂಗರು

ಹಗ್ಗದ ತುದಿ ದೋಣಿಗೆ ಕಟ್ಟಿದೆಯೇ? ಕೈ ಹಾಕಿ ಎಳೆದು ನೋಡಿದ ಮೇಲೆ ಲಂಗರು ಎತ್ತಿ. ಎಸೆಯುವುದಲ್ಲ, ಮೂತಿಯಿಂದ ಮೆಲ್ಲನೆ ಇಳಿಸುವುದು. ಸುರುಳಿಯೊಳಗೆ ನಿಮ್ಮ ಕಾಲಿರಬಾರದು. ನೀರಿನ ಆಳಕ್ಕೆ ಮೂತಿಯ ಎತ್ತರ ಸೇರಿಸಿ, ಅದರ ಐದರಿಂದ ಏಳರಷ್ಟು ಹಗ್ಗ ಬಿಡಬೇಕು. ಆಳ 3 ಮೀಟರ್, ಮೂತಿ ಅರ್ಧ ಮೀಟರ್ ಇದ್ದರೆ 18ರಿಂದ 25 ಮೀಟರ್. ನೆಟ್ಟಗೆ ಇಳಿಬಿಟ್ಟ ಲಂಗರು ಹಿಡಿಯುವುದಿಲ್ಲ, ಎಳೆದಾಡುತ್ತದೆ.

ಹಿಂಬದಿಯಿಂದ ಲಂಗರು ಹಾಕುವುದು ಮಾತ್ರ ಎಂದಿಗೂ ಬೇಡ. ಅಲ್ಲಿ ಎಂಜಿನ್ನಿನ ತೂಕವಿದೆ, ಹಲಗೆ ತಗ್ಗಿದೆ. ಹಗ್ಗ ಕೆಳಕ್ಕೆ ಎಳೆದಾಗ ಒಂದೇ ಅಲೆ ಸಾಕು. ಬೊಡ್ಡೆಗಳ ನಡುವೆ ಲಂಗರಿನ ತಲೆಗೆ ಇನ್ನೊಂದು ತೆಳು ಹಗ್ಗ ಕಟ್ಟಿ, ಅದಕ್ಕೆ ಖಾಲಿ ಬಾಟಲಿ ತೇಲಿಬಿಡಿ. ಲಂಗರು ಸಿಕ್ಕಿಬಿದ್ದರೆ ಆ ಹಗ್ಗ ಎಳೆದು ಹಿಮ್ಮುಖವಾಗಿ ಬಿಡಿಸಬಹುದು.

## ಹಂತ 7: ಯಾರಾದರೂ ಬಿದ್ದರೆ, ದೋಣಿ ಮಗುಚಿದರೆ

ಕಂಡವರು ಕೂಗಬೇಕು, ಬಿದ್ದವರ ಕಡೆ ಬೆರಳು ಚಾಚಿ ಹಾಗೇ ಹಿಡಿದಿರಬೇಕು. ಅಲೆಯ ನಡುವೆ ತಲೆ ಎಷ್ಟು ಬೇಗ ಕಣ್ಮರೆಯಾಗುತ್ತದೆ ಎಂದು ನೋಡದವರಿಗೆ ಗೊತ್ತಾಗುವುದಿಲ್ಲ. ಚಾಲಕ ತಕ್ಷಣ ನ್ಯೂಟ್ರಲ್‌ಗೆ ಹಾಕಿ, ಬಿದ್ದ ಬದಿಗೇ ಮೂತಿ ತಿರುಗಿಸಬೇಕು. ಆಗ ಹಿಂಬದಿ, ಪ್ರೊಪೆಲರ್ ಅವರಿಂದ ದೂರ ಬೀಸುತ್ತದೆ. ಸುತ್ತಿ ಬಂದು, ಗಾಳಿಗೆ ಎದುರಾಗಿ ನಿಧಾನ ಹತ್ತಿರ ಹೋಗಿ, ಕೈಗೆಟುಕುವ ಮೊದಲೇ ಎಂಜಿನ್ ಆರಿಸಿ. ನ್ಯೂಟ್ರಲ್ ಸಾಲದು, ಆರಿಸಿ.

ಪಕ್ಕದಿಂದ ಎಲ್ಲರೂ ಸೇರಿ ಎಳೆದರೆ ದೋಣಿಯೇ ಮಗುಚುತ್ತದೆ. ಹಗ್ಗಕ್ಕೆ ಕುಣಿಕೆ ಹಾಕಿ ಹಿಂಬದಿಯ ಮೂಲೆಯಿಂದ ನೀರಿನೊಳಗೆ ಇಳಿಬಿಡಿ, ಬಿದ್ದವರು ಅದನ್ನೇ ಮೆಟ್ಟಿಲು ಮಾಡಿಕೊಂಡು ಏರಲಿ. ಉಳಿದವರು ನಡುವೆ, ತಗ್ಗಾಗಿ ಕೂತಿರಲಿ. ಈಜು ಬರುತ್ತದೆಂದು ಇನ್ನೊಬ್ಬರು ಹಾರಬಾರದು. ಹಗ್ಗ, ಹುಟ್ಟು, ಖಾಲಿ ಪೆಟ್ರೋಲು ಕ್ಯಾನು ಏನನ್ನಾದರೂ ಚಾಚಿ.

ದೋಣಿ ಮಗುಚಿದರೆ ಮೊದಲು ತಲೆ ಎಣಿಸಿ. ಒಬ್ಬರು ಕಡಿಮೆಯಿದ್ದರೆ ದೋಣಿಯ ಕೆಳಗೆ ನೋಡಿ. ಆಮೇಲೆ ಎಲ್ಲರೂ ದೋಣಿಯನ್ನೇ ಹಿಡಿದುಕೊಂಡಿರಿ. ಒಳಗೆ ತೇಲುವ ಫೋಮ್ ಇರುವ ಫೈಬರ್ ದೋಣಿ ಮಗುಚಿದರೂ ತಳ ಸೇರುವುದಿಲ್ಲ. ಕೊಳ್ಳುವಾಗಲೇ ಇದನ್ನು ಕೇಳಿ. ನೀರಿನ ಮೇಲೆ ದಡ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಅಲ್ಲಿಗೆ ಈಜಲು ಹೊರಟವರು ದಾರಿಯಲ್ಲಿ ಸೋಲುತ್ತಾರೆ, ಹುಡುಕುವವರಿಗೂ ಒಂದು ತಲೆಗಿಂತ ಒಂದು ದೋಣಿ ಬೇಗ ಕಾಣುತ್ತದೆ.

ಎಂಜಿನ್ ನೀರಿಗೆ ಬಿದ್ದಿದ್ದರೆ ಎತ್ತಿದೊಡನೆ ಹೊತ್ತಿಸಲು ಹೋಗಬೇಡಿ. ಸಿಹಿನೀರಿನಿಂದ ತೊಳೆದು, ಪ್ಲಗ್ ಬಿಚ್ಚಿ, ತೂತು ಕೆಳಗೆ ಮಾಡಿ ನೀರು ಬಸಿಯಿರಿ. ಕೆಲವೇ ಗಂಟೆಗಳಲ್ಲಿ ಮೆಕ್ಯಾನಿಕ್ ಸಿಗದಿದ್ದರೆ ಸಿಹಿನೀರಿನ ಡ್ರಮ್ಮಿನಲ್ಲೇ ಮುಳುಗಿಸಿಡಿ. ವಿಚಿತ್ರವೆನಿಸಬಹುದು, ಆದರೆ ಒದ್ದೆ ಎಂಜಿನ್‌ಗೆ ಗಾಳಿ ತಾಗಿದ ಮೇಲೆಯೇ ತುಕ್ಕು ಓಡುವುದು.

## ಹಂತ 8: ಜೆಟ್ಟಿಗೆ ಬರುವುದು

ನೋಡುವವರು ಹೆಚ್ಚಿರುವುದು ಇಲ್ಲಿ, ತಪ್ಪುವುದೂ ಇಲ್ಲಿ. ದೂರದಲ್ಲೇ ನಿಂತು ಗಾಳಿ ಎತ್ತಲಿಂದ, ನೀರಿನ ಸೆಳೆತ ಎತ್ತಲಿಂದ ನೋಡಿ. ಯಾವುದು ಬಲವೋ ಅದಕ್ಕೆ ಎದುರಾಗಿ ಬನ್ನಿ. ಅದೇ ನಿಮಗೆ ಬ್ರೇಕು. ಬೆನ್ನಿಗೆ ಗಾಳಿ ಇಟ್ಟುಕೊಂಡು ಬಂದರೆ ನಿಲ್ಲಿಸಲು ಏನೂ ಇಲ್ಲ.

ಹಗ್ಗ ಎರಡೂ ಮೊದಲೇ ಕೈಗೆ ಸಿದ್ಧ ಇರಲಿ. ಜೆಟ್ಟಿಗೆ 20-30 ಡಿಗ್ರಿ ಓರೆಯಾಗಿ, ನಡಿಗೆಗಿಂತ ನಿಧಾನ. ಎರಡು ದೋಣಿಯುದ್ದ ಇರುವಾಗ ನ್ಯೂಟ್ರಲ್. ಕೊನೆಯಲ್ಲಿ ಹ್ಯಾಂಡಲ್ ತಿರುಗಿಸಿ ಹಿಂಬದಿಯನ್ನು ಒಳಕ್ಕೆ ತರಲು ಒಂದು ಕ್ಷಣ ರಿವರ್ಸ್. ರಿವರ್ಸ್ ಹಾಕುವ ಮುನ್ನ ಎಂಜಿನ್ ಮೇಲೇಳದಂತೆ ತಡೆಯುವ ಲಾಕ್ ಬಿದ್ದಿದೆಯೇ ನೋಡಿ, ಇಲ್ಲದಿದ್ದರೆ ಅದು ನೀರಿನಿಂದ ನೆಗೆಯುತ್ತದೆ. ಸರಿಬಾರದಿದ್ದರೆ ಸುತ್ತಿ ಮತ್ತೆ ಬನ್ನಿ. ಮೂರನೆಯ ಸಲ ಬಂದರೂ ಯಾರೂ ದಂಡ ಹಾಕುವುದಿಲ್ಲ.

ಕೈಯಿಂದಲೋ ಕಾಲಿನಿಂದಲೋ ದೋಣಿ ತಡೆಯಬಾರದು. ಜನರೂ ಎಂಜಿನ್ನೂ ಸೇರಿ ಐದಾರು ನೂರು ಕಿಲೋ ಆಗುತ್ತದೆ. ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ. ನಡುವೆ ಹಳೆಯ ಟೈರು ಇಳಿಬಿಡಿ. ಹಗ್ಗ ಹಿಡಿದು ಜೆಟ್ಟಿಗೆ ಹಾರುವ ಹುಡುಗರನ್ನು ಗದರಿ ಕೂರಿಸಿ.

## ಹಂತ 9: ಕಟ್ಟುವುದು, ಆರಿಸುವುದು, ಬಿಟ್ಟುಹೋಗುವುದು

ಮುಳುಗುವ ಸಣ್ಣ ದೋಣಿಗಳಲ್ಲಿ ಹಲವು ಕಟ್ಟಿದ ಜಾಗದಲ್ಲೇ ಮುಳುಗುತ್ತವೆ, ಮಳೆನೀರು ತುಂಬಿ ಅಥವಾ ಹಗ್ಗಕ್ಕೆ ಸಿಕ್ಕಿ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರಕ್ಕೂ ಇಳಿತಕ್ಕೂ ಒಂದೂವರೆಯಿಂದ ಎರಡು ಮೀಟರಿನಷ್ಟು ಅಂತರ ಬರುತ್ತದೆ. ಉಬ್ಬರದಲ್ಲಿ ಗಿಡ್ಡವಾಗಿ ಕಟ್ಟಿದ ದೋಣಿ ಇಳಿತದಲ್ಲಿ ಹಗ್ಗಕ್ಕೆ ನೇತಾಡುತ್ತದೆ. ಇಳಿತದಲ್ಲಿ ಜೆಟ್ಟಿಯ ತೊಲೆಯ ಕೆಳಗೆ ನುಸುಳಿದ ದೋಣಿ ಉಬ್ಬರದಲ್ಲಿ ಅಲ್ಲೇ ಸಿಕ್ಕಿ ನೀರು ಕುಡಿಯುತ್ತದೆ. ಹಗ್ಗ ಉದ್ದ ಬಿಡಿ, ಮುಂದೆ ಹಿಂದೆ ದೂರದ ಕಂಬಗಳಿಗೆ ಓರೆಯಾಗಿ ಕಟ್ಟಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಲೆಕ್ಕ ಇಂದಿಗೆ ಹಾಕಬೇಡಿ.

ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ಆದರೆ ದಡಕ್ಕೆ ಬರುವ ಕೆಲವು ನಿಮಿಷ ಮೊದಲೇ ಪೆಟ್ರೋಲಿಗೆ ತಿರುಗಿಸಿ, ಆಮೇಲೆ ಆರಿಸಿ. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ತಣ್ಣನೆ ಎಂಜಿನ್ ಹೊತ್ತುವುದಿಲ್ಲ, ನಿಮ್ಮ ಭುಜ ಮಾತ್ರ ನೋಯುತ್ತದೆ.

ಉಪ್ಪುನೀರಿನಲ್ಲಿ ಓಡಿಸಿದ್ದರೆ ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ನಿನ ಕಾಲು ಮುಳುಗಿಸಿ ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ನಿಧಾನ ಓಡಿಸಿ. ನೀರಿನ ಮಟ್ಟ ಆ ಚಪ್ಪಟೆ ರೆಕ್ಕೆಗಿಂತ ಮೇಲಿರಬೇಕು. ಎಂಜಿನ್ ಬಿಚ್ಚಿ ಒಯ್ಯುವುದಾದರೆ ಮೊದಲು ನೆಟ್ಟಗೆ ನಿಲ್ಲಿಸಿ ನೀರೆಲ್ಲ ಬಸಿಯಲಿ. ಮಲಗಿಸುವಾಗ ತಲೆ ಎತ್ತರದಲ್ಲಿ, ಪ್ರೊಪೆಲರ್ ತಗ್ಗಿನಲ್ಲಿ. ಫೋರ್-ಸ್ಟ್ರೋಕ್ ಆದರೆ ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಪುಸ್ತಕದಲ್ಲಿ ಇರುತ್ತದೆ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಎಣ್ಣೆ ಸಿಲಿಂಡರಿಗೆ ಇಳಿದು, ಮುಂದಿನ ಸಲ ಎಳೆಯುವ ಹಗ್ಗ ಕಲ್ಲಿನಂತೆ ನಿಲ್ಲುತ್ತದೆ.

ದೋಣಿಯನ್ನು ದಡಕ್ಕೆ ಎಳೆದಿಟ್ಟರೆ ಬಿರಡೆ ತೆಗೆದು, ಮೂತಿ ಸ್ವಲ್ಪ ಎತ್ತರ ಮಾಡಿ, ಮಳೆನೀರು ಹಿಂದಕ್ಕೆ ಹರಿಯಲು ಬಿಡಿ. ತೆಗೆದ ಬಿರಡೆಯನ್ನು ಕೆಂಪು ದಾರಕ್ಕೆ ಈಗಲೇ ಕಟ್ಟಿ, ಕೈ ತೊಳೆಯುವ ಮೊದಲು.